ಮೇಲಿನ ಸಾಲು

“ಫಾರ್ಮ್ಯಾಟ್ ಮಾಡೋದೇ ಸೈ ಗುರುಸಂಗಣ್ಣ. ಬ್ಯಾರೆ ದಾರಿ ಇಲ್ಲ,” ಎಂದ ಅರುಣಕುಮಾರ.

ಚಹಾದ ಲೋಟ ಹಿಡಿದು ಬರುತ್ತಿದ್ದ ಬಸಕ್ಕ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಫಾರ್ಮ್ಯಾಟ್ ಎಂದರೆ ಏನೆಂದು ಅವಳಿಗೆ ಗೊತ್ತು. ಹಲಗೆ ಒರೆಸಿದ ಹಾಗೆ ಕಂಪ್ಯೂಟರನ್ನು ಪೂರ್ತಿ ಒರೆಸಿಬಿಡುವುದು. ಒಳಗೆ ಇದ್ದದ್ದು ಒಂದೂ ಉಳಿಯುವುದಿಲ್ಲ.

“ಹಂಗಾರ ಫೋಟೋ?” ಎಂದು ಕೇಳಿದ ಅವಳ ಅಪ್ಪ ಗುರುಸಂಗಪ್ಪ.

“ಅದೂ ಹೋಗತೈತಿ ಅಣ್ಣ. ಸಿಡಿಗೆ ಹಾಕಿ ಇಟ್ಟಿಲ್ಲೇನು?”

“ಸಿಡಿ ಬರಿಯೋ ಮಷೀನು ನನ್ನ ಕಡೆ ಎಲ್ಲೈತೋ?”

ಅರುಣಕುಮಾರ ತಲೆ ಕೆರೆದುಕೊಂಡ. ಬಸಕ್ಕನ ಕೈಯಲ್ಲಿದ್ದ ಚಹಾ ಆರುತ್ತಿತ್ತು.

ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗುರುಸಂಗಪ್ಪನ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಪಾಸ್‌ಪೋರ್ಟ್ ಫೋಟೋ ಎಲ್ಲ ಅಲ್ಲೇ ಆಗಬೇಕು. ಇದ್ದದ್ದು ಒಂದೇ ಕಂಪ್ಯೂಟರು. ಅದು ಈ ದಿನ ಮುಂಜಾನೆಯಿಂದ ಏಳಲೊಲ್ಲದು. ಬಟನ್ ಒತ್ತಿದರೆ ಸ್ಕ್ರೀನು ಕಪ್ಪಾಗುತ್ತಿತ್ತು. ಅದರ ಮೇಲೆ ಬಿಳಿ ಅಕ್ಷರದ ನಾಲ್ಕಾರು ಸಾಲು ಇಂಗ್ಲಿಷ್ ಬಂದು ಅಲ್ಲಿಗೇ ನಿಂತುಬಿಡುತ್ತಿತ್ತು. ಹತ್ತು ಸಲ ಒತ್ತಿದರೂ ಅದೇ ಕತೆ.

ಅರುಣಕುಮಾರ ಫೋನ್ ಮಾಡಿದ ಕೂಡಲೇ ಹಗರಿಬೊಮ್ಮನಹಳ್ಳಿಯಿಂದ ಸಿಕ್ಕ ಬಸ್ಸಿಗೇ ಬಂದಿದ್ದ. ಒಳ್ಳೆಯ ಹುಡುಗ. ಸುತ್ತಲಿನ ಊರುಗಳಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಬೆನ್ನಿಗೆ ಚೀಲ ಹಾಕಿಕೊಂಡು ಹೊರಡುವವನು. ಆದರೆ ಅವನ ಚೀಲದಲ್ಲಿ ಎಲ್ಲ ರೋಗಕ್ಕೂ ಒಂದೇ ಮಾತ್ರೆ. ಅದರ ಹೆಸರು ಫಾರ್ಮ್ಯಾಟ್.

“ರಾತ್ರಿ ಕರೆಂಟು ಹೋಗಿ ಬಂದು ಮಾಡ್ಯಾವ ನೋಡ್ರಿ. ಆ ಜರ್ಕಿಗೆ ಒಳಗಿನ ಫೈಲು ಹಾಳಾಗೈತಿ. ಇಲ್ಲಿ ಕೆಳಗ ಬರದೈತಲ್ಲ,” ಎಂದು ಅವನು ಸ್ಕ್ರೀನಿನ ಕೊನೆಯ ಸಾಲನ್ನು ಬೆರಳಿನಿಂದ ಬಡಿದು ತೋರಿಸಿದ.

ಅಪ್ಪ ನೋಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಕಡೆ ಮುಖ ಮಾಡಿದ್ದ. “ಆತು, ಒರಸು. ಏನ್ ಮಾಡಾಕಾಗತೈತಿ,” ಎಂದ.

ಬಸಕ್ಕನಿಗೆ ಅಪ್ಪನ ಮೇಲೆ ಸಿಟ್ಟು ಉಕ್ಕಿತು. ಒರೆಸು ಅನ್ನುವುದು ಇಷ್ಟು ಸುಲಭವೇ? ಒಳಗಿರುವುದು ಅಜ್ಜಿಯ ಫೋಟೋ. ನಾಳೆ, ತೀರಿಕೊಂಡ ಅಜ್ಜಿಯ ಶಿವಗಣಾರಾಧನೆ. ಮಠದ ಸ್ವಾಮಿಗಳು ಬರುತ್ತಾರೆ, ಉಜ್ಜಿನಿಯಿಂದ ಅತ್ತೆ ಬರುತ್ತಾಳೆ, ಓಣಿಯವರೆಲ್ಲ ಬರುತ್ತಾರೆ. ವಿಭೂತಿ ಹಚ್ಚಿ ಹೂವಿನ ಹಾರ ಹಾಕುವುದು ಯಾವುದಕ್ಕೆ? ಬರೀ ಗೋಡೆಗೇ?

ಅಜ್ಜಿ ಅನ್ನದಾನಮ್ಮ ಬದುಕಿರುವವರೆಗೂ ಯಾರಿಗೂ ಫೋಟೋ ತೆಗೆಯಗೊಡಲಿಲ್ಲ. ಮಗನದೇ ಫೋಟೋ ಅಂಗಡಿ ಇದ್ದರೂ ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಎಳೆದುಕೊಂಡು, “ಇದ್ದ ಮುಖ ಇಲ್ಲೇ ಐತಲ್ಲ, ನೋಡ್ಕಳ್ರಿ,” ಅನ್ನುತ್ತಿದ್ದಳು. ಓಟಿನ ಕಾರ್ಡಿನಲ್ಲಿ ಒಂದು ಕಪ್ಪು ಮಚ್ಚೆ ಇತ್ತು. ಅದರೊಳಗೆ ಅಜ್ಜಿಯನ್ನು ಹುಡುಕಬೇಕಾದರೆ ಭೂತಗನ್ನಡಿ ಬೇಕು.

ಆದರೆ ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಅಜ್ಜಿ ಅಂಗಡಿಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಶೇಂಗಾ ಸುಲಿಯುತ್ತಿದ್ದಳು. ಒಂದು ಅಳಿಲು ಬಂದು ಮೊರದೊಳಗಿನ ಕಾಳನ್ನು ಅವಳ ಎದುರಿಗೇ ಕದ್ದುಕೊಂಡು ಓಡಿತು. ಅಜ್ಜಿ ಬೊಚ್ಚುಬಾಯಿ ತೆಗೆದು ನಕ್ಕಳು. ಆಗಲೇ ಬಸಕ್ಕ ಅಪ್ಪನ ಡಿಜಿಟಲ್ ಕ್ಯಾಮೆರಾದ ಬಟನ್ ಒತ್ತಿಬಿಟ್ಟಳು. ಅಜ್ಜಿಗೆ ಗೊತ್ತೇ ಆಗಲಿಲ್ಲ. ಅಪ್ಪ ಆ ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡ. ಕ್ಯಾಮೆರಾದೊಳಗಿನದನ್ನು ಯಾವುದೋ ಮದುವೆಗೆ ಹೋಗುವಾಗ ಅಳಿಸಿದ್ದ. ಹಾಗಾಗಿ ಇಡೀ ಲೋಕದಲ್ಲಿ ಅಜ್ಜಿಯ ನಗು ಉಳಿದದ್ದು ಈ ಒಂದು ಡಬ್ಬಿಯೊಳಗೆ ಮಾತ್ರ.

ಆ ಫೋಟೋವನ್ನು ದೊಡ್ಡದಾಗಿ ತೆಗೆಯಲೆಂದೇ ಅಪ್ಪ ಹೊಸ ಪ್ರಿಂಟರು ತಂದಿದ್ದ. ಅದು ಹಳೆಯ ವಿಂಡೋಸ್ ಜೊತೆ ಹೊಂದಿಕೊಳ್ಳಲಿಲ್ಲ. ಅದಕ್ಕಾಗಿ ನಿನ್ನೆ ಶನಿವಾರ ಅರುಣಕುಮಾರ ಬಂದು, ಹಳೆಯದನ್ನು ಇದ್ದಲ್ಲೇ ಬಿಟ್ಟು, ಪಕ್ಕದಲ್ಲೇ ಹೊಸ ವಿಂಡೋಸ್ ಎಕ್ಸ್‌ಪಿ ಹಾಕಿಕೊಟ್ಟು ಹೋಗಿದ್ದ. ಹೋಗುವಾಗ ಎಲ್ಲವೂ ಸರಿಯಾಗಿಯೇ ಇತ್ತು. ಪ್ರಿಂಟ್ ತೆಗೆಯುವುದನ್ನು ಈ ದಿನಕ್ಕೆ ಇಟ್ಟುಕೊಂಡಿದ್ದರು.

ಬಸಕ್ಕ ಚಹಾ ಕೆಳಗಿಟ್ಟು ಸ್ಕ್ರೀನಿನ ಹತ್ತಿರ ಬಂದಳು. ಶಾಲೆಯ ಹಾಜರಿಯಲ್ಲಿ ಅವಳ ಹೆಸರು ಕೊಟ್ರಬಸಮ್ಮ. ಐದನೇ ತರಗತಿ. ಇಂಗ್ಲಿಷಿನ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಬಲ್ಲಳು. ಅರುಣಕುಮಾರ ಕೊನೆಯ ಸಾಲನ್ನು ನೋಡುತ್ತಿದ್ದರೆ ಅವಳ ಕಣ್ಣು ಮೇಲಿನ ಸಾಲಿಗೆ ಹೋಯಿತು. ಅದು ಅಜ್ಜಿ ಹಚ್ಚಿದ ರೂಢಿ. ಯಾವ ಹಾಳೆ ಕೈಗೆ ಬಂದರೂ ಮೊದಲು ತಲೆಯ ಸಾಲು ನೋಡಬೇಕು.

ಅಲ್ಲಿ ಬಿ, ಓ, ಓ, ಟಿ ಎಂದಿತ್ತು. ಆಮೇಲೆ ಒಂದು ಚುಕ್ಕೆ. ಆಮೇಲೆ ಐ, ಎನ್, ಐ.

ಬೂಟ್ ಡಾಟ್ ಐಎನ್‌ಐ. ಈ ಹೆಸರನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲೋ ಏನು, ಇಲ್ಲೇ, ನಿನ್ನೆ ಸಂಜೆ.

ನಿನ್ನೆ ಆದದ್ದು ಇಷ್ಟು. ಹೊಸ ವಿಂಡೋಸ್ ಹಾಕಿದ ಮೇಲೆ ಕಂಪ್ಯೂಟರು ಪ್ರತಿ ಸಲ ಏಳುವಾಗ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೇಳುತ್ತ ಅರ್ಧ ನಿಮಿಷ ನಿಲ್ಲುತ್ತಿತ್ತು. ಅಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿಯದು! “ಇದೇನೋ ಇದು, ಎಮ್ಮಿ ಎದ್ದಂಗ ಏಳತೈತಿ,” ಎಂದು ಗೊಣಗಿದ. ಅರುಣಕುಮಾರ ಸ್ಕ್ರೀನಿನ ಮೇಲೆ ಒಂದು ಹಾಳೆ ತೆರೆದು, ಅದರಲ್ಲಿ ಅರ್ಧ ನಿಮಿಷವನ್ನು ಹತ್ತು ಸೆಕೆಂಡಿಗೆ ಇಳಿಸಿದ. ಅಷ್ಟರಲ್ಲಿ ಅವನ ಬಸ್ಸಿನ ಹೊತ್ತಾಯಿತು. “ಬಸಕ್ಕ, ಇದನ್ನ ಮುಚ್ಚಿ ಶಟ್‌ಡೌನ್ ಮಾಡಿಬಿಡವ್ವ,” ಎಂದು ಹೇಳಿ ಚೀಲ ಏರಿಸಿಕೊಂಡು ಓಡಿದ. ಅಪ್ಪ ಆಗ ಆರಾಧನೆಯ ಸಾಮಾನು ತರಲು ಪೇಟೆಗೆ ಹೋಗಿದ್ದ.

ಬಸಕ್ಕ ಆ ಹಾಳೆಯನ್ನು ನೋಡಿದಳು. ಹೊಚ್ಚ ಹೊಸ ಕೆಲಸದ ಹಾಳೆ. ತಲೆಯ ಮೇಲೆ ಏನೂ ಇರಲಿಲ್ಲ.

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಬರೆಯಲು ಬರುತ್ತಿದ್ದದ್ದು ಒಂದೇ ಒಂದು ಅಕ್ಷರ, ಶ್ರೀ. ಆದರೆ ಆ ಒಂದು ಅಕ್ಷರ ಇಲ್ಲದೆ ಮನೆಯಲ್ಲಿ ಯಾವ ಬರಹವೂ ಶುರುವಾಗುವಂತಿರಲಿಲ್ಲ. ಕಿರಾಣಿ ಚೀಟಿ ಇರಲಿ, ಉಪ್ಪಿನಕಾಯಿ ಭರಣಿಯ ಮೇಲಿನ ಹೆಸರಿರಲಿ, ಮೊದಲು ಅಜ್ಜಿಯ ಕೈಗೆ ಕೊಡಬೇಕು. ಅವಳು ಸೊಟ್ಟಗೆ ಒಂದು ಶ್ರೀ ಬರೆದು, “ಹೂಂ, ಇನ್ನ ಏನರ ಬರಕಳ್ರಿ,” ಅನ್ನುತ್ತಿದ್ದಳು. ಅಂಗಡಿಯಲ್ಲಿ ಯಾವ ಕಾರ್ಡು ಮಾಡಿದರೂ ಅಪ್ಪ ಮೊದಲು ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ ಎಂದು ಹಾಕಿಯೇ ಮುಂದಕ್ಕೆ ಹೋಗುತ್ತಿದ್ದ.

ಈಗ ಬರೆಯಲು ಅಜ್ಜಿ ಇಲ್ಲ. ಅಜ್ಜಿಯ ಫೋಟೋಗಾಗಿಯೇ ಬಂದ ಹೊಸ ವಿಂಡೋಸು ಹೀಗೆ ಬರಿದಲೆಯಲ್ಲಿ ಶುರುವಾಗುವುದೇ? ಬಸಕ್ಕ ಕರ್ಸರನ್ನು ಎಲ್ಲಕ್ಕಿಂತ ಮೇಲೆ ತಂದು, ಅಂಗಡಿಯ ಬೋರ್ಡು ನೋಡಿಕೊಂಡು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಕೊಟ್ಟೂರೇಶ್ವರನ ಹೆಸರನ್ನು ಒಂದೊಂದೇ ಕೀಲಿ ಹುಡುಕಿ ಒತ್ತಿದಳು. ಆಮೇಲೆ ಸೇವ್ ಮಾಡಿ, ಶಟ್‌ಡೌನ್ ಮಾಡಿ ಮನೆಗೆ ಹೋದಳು. ಆ ಹೊತ್ತು ಅವಳಿಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಅಜ್ಜಿ ತೀರಿದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಿದ್ದಳು.

ಮತ್ತೆ ಈಗ ಇದು.

ಹೇಳಿದರೆ ಅಪ್ಪ ಬೈಯುತ್ತಾನೆ, ಅದು ಇರಲಿ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ದೇವರ ಹೆಸರು ಬರೆದದ್ದಕ್ಕೆ ಕೆಟ್ಟಿತೇ? ಹಾಗಾದರೆ ಅಜ್ಜಿ ಕಲಿಸಿದ್ದೇ ತಪ್ಪೇ? ಅವಳು ಹೇಳಿಬಿಟ್ಟರೆ ಅರುಣಕುಮಾರ ನಗುತ್ತಾನೆ. ಅಜ್ಜಿಯನ್ನೇ ನೋಡಿ ನಕ್ಕ ಹಾಗೆ ಆಗುತ್ತದೆ, ಅದೂ ಆರಾಧನೆಯ ಹಿಂದಿನ ದಿನ.

ಅರುಣಕುಮಾರ ಚೀಲದಿಂದ ಸಿಡಿ ತೆಗೆದು ಅಂಗಿಯ ತುದಿಯಿಂದ ಒರೆಸಿ, ಕಂಪ್ಯೂಟರಿನ ಬಾಯಿಗೆ ಇಟ್ಟ.

“ಅಣ್ಣಾ, ತಡಿ!”

ತನ್ನ ದನಿ ಅಷ್ಟು ಜೋರಾಗಿ ಬರುತ್ತದೆಂದು ಬಸಕ್ಕನಿಗೇ ಗೊತ್ತಿರಲಿಲ್ಲ. ಇಬ್ಬರೂ ತಿರುಗಿ ನೋಡಿದರು.

“ನೀ ಕೆಳಗಿನ ಸಾಲು ನೋಡಾಕ ಹತ್ತಿ. ಮ್ಯಾಲಿನ ಸಾಲಿನ್ಯಾಗ ಬೂಟ್ ಡಾಟ್ ಐಎನ್‌ಐ ಅಂತ ಐತಿ. ನಿನ್ನಿ ನೀ ತೆಗದಿದ್ದ ಹಾಳಿ ಹೆಸರೂ ಅದೇ ಇತ್ತು.”

“ಹೌದು. ಅದರಾಗ ನಾ ಬರೀ ಟೈಮ್ ಕಮ್ಮಿ ಮಾಡೀನಿ. ಬ್ಯಾರೆ ಏನೂ ಮುಟ್ಟಿಲ್ಲ,” ಎಂದ ಅರುಣಕುಮಾರ.

“ನಾ ಮುಟ್ಟೀನಿ.”

ಬಸಕ್ಕ ತನ್ನ ಕಾಲಬೆರಳನ್ನು ನೋಡುತ್ತ ಉಳಿದದ್ದನ್ನು ಹೇಳಿದಳು. “ಮ್ಯಾಲೆ ಏನೂ ಇರಲಿಲ್ಲ. ಅದಕ್ಕ ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ ಅಂತ ಹಾಕಿದೆ. ಅಜ್ಜಿ ಇದ್ರ ಹಾಕ್ತಿದ್ಲು.”

ಅರುಣಕುಮಾರ ನಗಲಿಲ್ಲ. ಮೇಲಿನ ಸಾಲನ್ನು ಎರಡು ಸಲ ಓದಿದ. ಸರ್ರನೆ ಎದ್ದು, ಅಂಗಡಿಯ ಫೋನಿನಿಂದ ದಾವಣಗೆರೆಯಲ್ಲಿ ತನಗೆ ಕಂಪ್ಯೂಟರ್ ಕಲಿಸಿದ ಸರ್‌ಗೆ ಫೋನ್ ಹಚ್ಚಿದ. “ಹೌದ್ರಿ ಸರ್... ಇಲ್ರಿ ಸರ್... ಹಂಗ ಮಾಡಬಹುದೇನ್ರಿ?” ಎನ್ನುತ್ತ ಅಂಗೈ ಮೇಲೆಲ್ಲ ಪೆನ್ನಿನಿಂದ ಏನೇನೋ ಬರೆದುಕೊಂಡ. ಫೋನ್ ಇಟ್ಟಾಗ ಅವನ ಮುಖದ ಬಣ್ಣವೇ ಬದಲಾಗಿತ್ತು.

“ಕೆಟ್ಟಿಲ್ಲ ಗುರುಸಂಗಣ್ಣ! ಡಿಸ್ಕು ನೆಟ್ಟಗೈತಿ!”

“ಹಂಗಾರ ಏಳವಲ್ದು ಯಾಕೋ?”

“ಮಷೀನು ಎಚ್ಚರಾದ ಕೂಡ್ಲೇ ಮೊದಲು ಓದೋದು ಆ ಹಾಳಿ. ವಿಂಡೋಸು ಯಾವ ಕ್ವಾಣ್ಯಾಗ ಐತಿ ಅಂತ ಅದರಾಗ ಬರದಿರತೈತಿ. ಮೊದಲನೇ ಸಾಲು ಇಂಥದೇ ಇರಬೇಕು ಅಂತ ಅದಕ್ಕ ಹೇಳಿಕೊಟ್ಟಾರ. ಬ್ಯಾರೆ ಸಾಲು ಕಂಡಿದ್ದಕ್ಕ ಇದು ನಂದಲ್ಲ ಅಂದ್ಕಂಡು ಬ್ಯಾರೆ ಕ್ವಾಣಿ ಬಾಗ್ಲ ಬಡದೈತಿ. ಅಲ್ಲಿ ಯಾರೂ ಇಲ್ಲ. ಅದಕ್ಕ ಫೈಲಿಲ್ಲ ಫೈಲಿಲ್ಲ ಅಂತ ಬಡಕಳ್ಳಾಕ ಹತ್ತೈತಿ.”

“ಫೋಟೋ?” ಎಂದಳು ಬಸಕ್ಕ.

“ಎಲ್ಲಿಗೂ ಹೋಗಿಲ್ಲವ್ವ. ಇದ್ದಲ್ಲೇ ಐತಿ. ಮಷೀನಿಗೆ ದಾರಿ ತಪ್ಪೈತಿ ಅಷ್ಟ.”

ಅದೇ ಸಿಡಿಯನ್ನು ಹಾಕಿದ. ಆದರೆ ಈ ಸಲ ಫಾರ್ಮ್ಯಾಟಿಗೆ ಹೋಗದೆ, ರಿಪೇರಿಗೆಂದು ಆರ್ ಒತ್ತಿದ. ಮತ್ತೆ ಕಪ್ಪು ಸ್ಕ್ರೀನೇ ಬಂದಿತು. ಆದರೆ ಇದು ಬೈಯುವ ಕಪ್ಪಲ್ಲ, ಹೇಳಿದ್ದನ್ನು ಕೇಳುವ ಕಪ್ಪು. ಅಂಗೈ ನೋಡಿಕೊಂಡು ಒಂದು ಸಾಲು ಒತ್ತಿದಾಗ ನಿನ್ನೆಯ ಹಾಳೆ ತೆರೆದುಕೊಂಡಿತು. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಬಸಕ್ಕನ ಸಾಲು ಇತ್ತು.

ಅಪ್ಪ ಅದನ್ನು ಓದಿದ. ಬಹಳ ಹೊತ್ತು ಓದಿದ. ಬೈಯಲಿಲ್ಲ.

“ಇಲ್ಲಿ ಆ ಸಾಲೊಂದೇ ತೆಗಿಯಾಕ ಬರಲ್ಲ. ಈ ಹಾಳೀನೇ ಅಳಿಸಿ ಹೊಸ ಹಾಳಿ ಮಾಡಬೇಕು,” ಎಂದ ಅರುಣಕುಮಾರ. ಕೀಬೋರ್ಡಿನಲ್ಲಿ ಒತ್ತಬೇಕಾದದ್ದನ್ನೆಲ್ಲ ಒತ್ತಿ, ಎಂಟರ್ ಮೇಲೆ ಬೆರಳಿಟ್ಟವನು ಯಾಕೋ ಕೈ ಹಿಂದೆ ತೆಗೆದುಕೊಂಡ. ಕೊಟ್ಟೂರೇಶ್ವರನ ಹೆಸರನ್ನು ಅಳಿಸಲು ಅವನಿಗೂ ಧೈರ್ಯ ಬರಲಿಲ್ಲ. ಅವನು ಗುರುಸಂಗಪ್ಪನನ್ನು ನೋಡಿದ. ಗುರುಸಂಗಪ್ಪ ಮಗಳನ್ನು ನೋಡಿದ.

“ಬರದಾಕಿ ನೀನು. ನೀನೇ ಒರಸು,” ಎಂದ ಅಪ್ಪ.

ಬಸಕ್ಕ ಅಲುಗಾಡಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. “ದೇವರ ಹೆಸರಪ್ಪ. ಹ್ಯಾಂಗ ಒರಸ್ಲಿ?”

“ಹಲಗಿ ಮ್ಯಾಲಿನ ಶ್ರೀ ಹ್ಯಾಂಗ ಒರಸ್ತಿದ್ದಿ, ಹಂಗ.”

ಬಸಕ್ಕ ಬೆಚ್ಚಿ ಅಪ್ಪನ ಮುಖ ನೋಡಿದಳು. ಹಲಗೆಯನ್ನು ಒರೆಸುವ ಮುಂಚೆ ಏನು ಮಾಡಬೇಕೆಂಬುದು ತನಗೂ ಅಜ್ಜಿಗೂ ಮಾತ್ರ ಗೊತ್ತಿರುವ ಸಂಗತಿ ಎಂದು ಅವಳು ತಿಳಿದಿದ್ದಳು.

“ನಂಗೂ ನಮ್ಮವ್ವನೇ ಕಲಿಸಿದ್ದು,” ಎಂದ ಅಪ್ಪ. ಅಷ್ಟು ಹೇಳಿ ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿದ.

ಬಸಕ್ಕ ಸ್ಕ್ರೀನಿನ ಮೇಲೆ, ಆ ಸಾಲಿನ ಮೇಲೆ ಬೆರಳಿಟ್ಟಳು. ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಎಂಟರ್ ಒತ್ತಿದಳು. ಹಾಳೆ ಹೋಯಿತು. ಅಜ್ಜಿ ಇನ್ನೊಂದು ಸಲ ಹೋದ ಹಾಗಾಗಿ ಅವಳಿಗೆ ಅಳು ತಡೆಯಲಾಗಲಿಲ್ಲ. ಫ್ರಾಕಿನ ತೋಳಿನಲ್ಲಿ ಮುಖ ಒರೆಸಿಕೊಂಡಳು.

ಅರುಣಕುಮಾರ ಅಂಗೈಯ ಕೊನೆಯ ಸಾಲನ್ನು ಒತ್ತಿದ. ಕಂಪ್ಯೂಟರು ತನ್ನೊಳಗನ್ನೆಲ್ಲ ತಾನೇ ಹುಡುಕಾಡಿತು. ಹಳೆಯ ವಿಂಡೋಸು ಸಿಕ್ಕಿತು. ಹೊಸ ವಿಂಡೋಸೂ ಸಿಕ್ಕಿತು. ಆಮೇಲೆ ಒಂದು ಪ್ರಶ್ನೆ ಕೇಳಿ ನಿಂತಿತು.

“ಇವಕ್ಕ ಏನಂತ ಹೆಸರಿಡ್ಲಿ ಅಂತ ಕೇಳ್ತೈತಿ,” ಎಂದ ಅರುಣಕುಮಾರ. ಹಳೆಯದಕ್ಕೆ ಹಳೇದು ಎಂದೇ ಒತ್ತಿದ. ಹೊಸದರ ಸರದಿ ಬಂದಾಗ ಅವನ ಕೈ ನಿಂತಿತು. ಸ್ಕ್ರೀನನ್ನೊಮ್ಮೆ, ಬಸಕ್ಕನನ್ನೊಮ್ಮೆ ನೋಡಿದ.

“ಇಲ್ಲಿ ಏನರ ಬರೀಬಹುದು ಬಸಕ್ಕ. ಈ ಜಾಗಾ ಮಷೀನು ಓದಾಕಲ್ಲ. ಬರೀ ತೋರಸತೈತಿ. ಓದೋರು ನಾವು.”

ಅರುಣಕುಮಾರ ಕುರ್ಚಿ ಬಿಟ್ಟುಕೊಟ್ಟ. ಅವಳು ಕೂತು ಒಂದೊಂದೇ ಕೀಲಿ ಹುಡುಕಿ ಒತ್ತತೊಡಗಿದಳು. ಎಸ್, ಎಚ್, ಆರ್, ಐ. ಈ ಸಲ ಬೋರ್ಡು ನೋಡಬೇಕಾಗಲಿಲ್ಲ.

ಸಿಡಿ ತೆಗೆದರು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಸ್ಕ್ರೀನು ಕಪ್ಪಾಯಿತು. ಯಾವುದು ಬೇಕು ಎಂದು ಕೇಳುವ ಪಟ್ಟಿ ಬಂದಿತು. ಅದರಲ್ಲಿ ಬಿಳಿ ಅಕ್ಷರದಲ್ಲಿ ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ ಎಂದಿತ್ತು. ಅರುಣಕುಮಾರ ಬಾಣದ ಕೀಲಿಯಿಂದ ಅದನ್ನು ಆರಿಸಿ ಎಂಟರ್ ಒತ್ತಿದ. ವಿಂಡೋಸು ಎದ್ದು ಕೂತಿತು.

“ಹೊಸ ಹಾಳಿ ಮಾಡಿದ್ದಕ್ಕ ಟೈಮು ಮತ್ತ ಅರ್ಧ ನಿಮಿಷಕ್ಕ ಬಂದೈತಿ. ಹತ್ತಕ್ಕ ಇಳಸ್ತೀನಿ ತಡೀರಿ. ಇನ್ಮ್ಯಾಲೆ ಹೊಸದೇ ತಾನಾಗಿ ಏಳೋ ಹಂಗೂ ಮಾಡ್ತೀನಿ,” ಎಂದ ಅರುಣಕುಮಾರ.

“ಟೈಮು ಮುಟ್ಟಬ್ಯಾಡ. ಇರ್ಲಿ ಬಿಡು,” ಎಂದ ಅಪ್ಪ.

ಫೋಟೋ ಇದ್ದಲ್ಲೇ ಇತ್ತು. ಹೊಸ ಪ್ರಿಂಟರು ಕಿರ್ರ್ ಕಿರ್ರ್ ಎಂದು ಮೇಲಿನಿಂದ ಕೆಳಗೆ ಅಜ್ಜಿಯನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಕೊಟ್ಟಿತು. ಮೊದಲು ನರೆಗೂದಲು, ಆಮೇಲೆ ಹಣೆಯ ವಿಭೂತಿ, ಆಮೇಲೆ ನಗುವ ಕಣ್ಣು, ಬೊಚ್ಚುಬಾಯಿ. ಕೊನೆಗೆ ಮಡಿಲಿನ ಮೊರ. ಮೂಲೆಯಲ್ಲಿ ಓಡುತ್ತಿರುವ ಅಳಿಲಿನ ಬಾಲವೂ ಬಿದ್ದಿತ್ತು. ಅರುಣಕುಮಾರ ಅದನ್ನು ಕತ್ತರಿಸಲೇ ಎಂದು ಕೇಳಿದ. ಅಪ್ಪ ಮತ್ತು ಮಗಳು ಒಟ್ಟಿಗೇ ಬೇಡ ಎಂದರು.

ಮರುದಿನ ಆರಾಧನೆಗೆ ಬಂದವರೆಲ್ಲ ಆ ಫೋಟೋದ ಮುಂದೆ ನಿಂತರು. ಕೈಮುಗಿದವರು, ಅತ್ತವರು, ಅಳಿಲಿನ ಬಾಲ ಕಂಡು ಅಳುತ್ತಲೇ ನಕ್ಕವರು ಎಲ್ಲ ಇದ್ದರು. ಅಪ್ಪ ಮಾತ್ರ ಎಲೆ ಹಾಕಿಸುತ್ತ, ನೀರು ಬಡಿಸಲು ಹೇಳುತ್ತ ಓಡಾಡುತ್ತಲೇ ಇದ್ದ. ಒಂದು ಸಲವೂ ಫೋಟೋದ ಮುಂದೆ ನಿಲ್ಲಲಿಲ್ಲ. ಬಸಕ್ಕ ಅದನ್ನು ನೋಡುತ್ತಿದ್ದಳು. ಅವಳ ಸಿಟ್ಟು ಪೂರ್ತಿ ಹೋಗಿರಲಿಲ್ಲ.

ಅದರ ಮಾರನೆಯ ಮುಂಜಾನೆ ಶಾಲೆಗೆ ಹೋಗುವಾಗ ಅವ್ವ ಪುಷ್ಪಲತಾ ಕೊಟ್ಟ ಬುತ್ತಿಯನ್ನು ಅಪ್ಪನಿಗೆ ಕೊಡಲು ಬಸಕ್ಕ ಅಂಗಡಿಗೆ ಬಂದಳು. ಅಪ್ಪ ಆಗತಾನೇ ಬಾಗಿಲು ತೆಗೆದು ಕಂಪ್ಯೂಟರು ಹಚ್ಚಿದ್ದ. ಹೊರಗೆ ಬೈಕಿನ ಮೇಲೆ ಕೂತಿದ್ದವನೊಬ್ಬ ಕೂಗಿದ. “ಗುರುಸಂಗಣ್ಣ, ನಮ್ಮ ಮದುವಿ ಕಾರ್ಡು ಆದುವೇನ್ರಿ? ಜಲ್ದಿ ಹೋಗಬೇಕಿತ್ತು.”

“ಒಂದು ಗಳಿಗಿ ತಡೀರಿ,” ಎಂದ ಅಪ್ಪ.

ಕಪ್ಪು ಸ್ಕ್ರೀನಿನ ಮೇಲೆ ಕೊಟ್ಟೂರೇಶ್ವರನ ಹೆಸರು ಬಂದಿತ್ತು. ಕೆಳಗೆ ಅಂಕಿ ಒಂದೊಂದೇ ಇಳಿಯುತ್ತಿತ್ತು. ಎಂಟರ್ ಒತ್ತಿದ್ದರೆ ಸಾಕಿತ್ತು, ವಿಂಡೋಸು ಆಗಲೇ ಬಂದುಬಿಡುತ್ತಿತ್ತು. ಅಪ್ಪ ಒತ್ತಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಹೆಸರನ್ನು ನೋಡುತ್ತ ಕೂತಿದ್ದ. ಅವನ ಗಲ್ಲ ಒದ್ದೆಯಾಗಿತ್ತು.

ಬಸಕ್ಕ ಬುತ್ತಿಯನ್ನು ಸದ್ದಾಗದಂತೆ ಕೆಳಗಿಟ್ಟಳು. ಚಪ್ಪಲಿ ಕಳಚಿ ಒಳಗೆ ಬಂದು, ಅಜ್ಜಿ ಕೂಡುತ್ತಿದ್ದ ಮಣೆಯ ಮೇಲೆ ಕೂತಳು. ಅಂಕಿ ಸೊನ್ನೆಗೆ ಬರುವವರೆಗೂ ಅವಳೂ ಅಪ್ಪನ ಜೊತೆ ಆ ಹೆಸರನ್ನೇ ನೋಡುತ್ತಿದ್ದಳು.